ಹತ್ತೊಂಬತ್ತು ಮಂದಿಯ ಒಂದೇ ತಪ್ಪು

ಜಂಗಮಕೋಟೆಯಿಂದ ಒಳಗೆ ಮೂರು ಮೈಲಿ ಹೋದರೆ ಸಿಗುವ ಆ ಸರ್ಕಾರಿ ಶಾಲೆಗೆ ತಾಲ್ಲೂಕಿಗೇ ಮೊದಲನೇ ಸ್ಥಾನ ಬಂದಿದೆ ಅಂತ ಸೋಮವಾರ ಗೊತ್ತಾಯಿತು. ಮಂಗಳವಾರ ಅದೇ ಶಾಲೆಯ ಮೇಲೆ ತನಿಖೆ ಅಂತ ಗೊತ್ತಾಯಿತು. ಒಂದು ದಿನವಾದರೂ ನೆಟ್ಟಗೆ ಸಂತೋಷಪಡೋಣ ಅಂದರೆ ಬಿಡಬೇಕಲ್ಲ!

ಐದನೇ ಕ್ಲಾಸಿನ ರೂಪ ಮಿಸ್ ಜಿಲ್ಲಾ ಕಚೇರಿಯಿಂದ ಬಂದ ತನಿಖೆಯ ಕಾಗದವನ್ನು ಮೂರು ಸಲ ಓದಿದಳು. ಚಿಕ್ಕಬಳ್ಳಾಪುರ ಹೊಸ ಜಿಲ್ಲೆಯಾದ ಮಾರನೇ ವರ್ಷ ಅದು. ರಾಜ್ಯಕ್ಕೆಲ್ಲ ಒಂದೇ ಪ್ರಶ್ನೆಪತ್ರಿಕೆ ಕೊಟ್ಟು ಸರ್ಕಾರಿ ಶಾಲೆ ಮಕ್ಕಳ ಕಲಿಕೆಯನ್ನು ಅಳೆಯುವ ಮೌಲ್ಯಾಂಕನ ಪರೀಕ್ಷೆ ನಡೆದು ಎರಡು ವಾರವಾಗಿತ್ತು. ರೂಪಳ ಹತ್ತೊಂಬತ್ತು ಮಕ್ಕಳೂ ಚೆನ್ನಾಗಿ ಬರೆದಿದ್ದರು. ಆದರೆ ಒಂದು ಪ್ರಶ್ನೆಗೆ ಹತ್ತೊಂಬತ್ತೂ ಜನ ಒಂದೇ ತಪ್ಪು ಉತ್ತರ ಬರೆದಿದ್ದರು. 'ಶಿಕ್ಷಕಿಯೇ ಉತ್ತರ ಹೇಳಿ ಬರೆಸಿರುವ ಅನುಮಾನವಿದೆ. ಗುರುವಾರ ಮರುಪರೀಕ್ಷೆ. ಸಾಬೀತಾದರೆ ಫಲಿತಾಂಶ ರದ್ದು, ಶಿಕ್ಷಕಿಯ ಮೇಲೆ ಕ್ರಮ.'

ಆ ಪ್ರಶ್ನೆ ಹೀಗಿತ್ತು: ಮೊಟ್ಟೆ, ಹುಳು, ಗೂಡು, ಆಮೇಲೆ ಏನು? ಎಲೆ, ಚಿಟ್ಟೆ, ನೂಲು, ಹೂವು ಅಂತ ನಾಲ್ಕು ಕೊಟ್ಟಿದ್ದರು. ಎಲ್ಲರೂ 'ನೂಲು' ಅಂತ ಬರೆದಿದ್ದರು.

ರೂಪಳಿಗೆ ನಗುವೂ ಬಂತು, ಸಿಟ್ಟೂ ಬಂತು. ಇನ್ನೇನು ಬರೀತಾರೆ ಈ ಊರಿನ ಮಕ್ಕಳು? ಚಾಕಿ ಕೇಂದ್ರದಿಂದ ಮರಿ ಹುಳು ತರ್ತಾರೆ, ಹಿಪ್ಪುನೇರಳೆ ಸೊಪ್ಪು ಹಾಕಿ ಸಾಕ್ತಾರೆ, ಹುಳು ಗೂಡು ಕಟ್ಟಿದ ಒಂದು ವಾರದೊಳಗೆ ಮೂಟೆ ಕಟ್ಟಿ ಶಿಡ್ಲಘಟ್ಟದ ಮಾರ್ಕೆಟ್ಟಿಗೆ ಸಾಗಿಸ್ತಾರೆ. ಅಲ್ಲಿಂದ ಬಿಸಿನೀರು, ಅಲ್ಲಿಂದ ನೂಲು. ಪಾಠದಲ್ಲಿ ಕಪ್ಪೆಯ ಜೀವನಚಕ್ರ ಇತ್ತು, ರೇಷ್ಮೆ ಹುಳುವಿನದು ಇರಲಿಲ್ಲ. 'ಇವರಿಗೆ ನಾನೇನು ರೇಷ್ಮೆ ಹುಳು ಹೇಳಿಕೊಡೋದು, ಇವರೇ ನನಗೆ ಹೇಳಿಕೊಡ್ತಾರೆ' ಅಂತ ಅವಳೂ ಸುಮ್ಮನಿದ್ದಳು. ಈಗ ಅನುಭವಿಸು!

"ಏಮಮ್ಮಾ, ಯಾಕೆ ತಲೆ ಕೆಡಿಸ್ಕೊಳ್ತೀಯ?" ಅಂದರು ಹೆಡ್‌ಮೇಷ್ಟ್ರು ಕೋನಪ್ಪ. ಇನ್ನೆರಡು ವರ್ಷಕ್ಕೆ ರಿಟೈರ್ ಆಗುವ ಮನುಷ್ಯ, ಬಂದದ್ದೆಲ್ಲ ಸುಸೂತ್ರ ಮುಗಿದರೆ ಸಾಕಾಗಿತ್ತು. "ನಾಳೆ ಒಂದು ಹತ್ತು ನಿಮಿಷ ಕೂರಿಸಿ 'ಚಿಟ್ಟೆ' ಅಂತ ಹೇಳ್ಬಿಡು. ಸರಿಯಾಗಿ ಬರೀತಾರೆ, ತನಿಖೆಗೆ ಬಂದೋರೂ ಹೋಗ್ತಾರೆ."

"ಸಾರ್, ಹತ್ತೊಂಬತ್ತು ಜನ ರಾತ್ರೋರಾತ್ರಿ ಚಿಟ್ಟೆ ಅಂತ ಬರೆದ್ರೆ ಏನಂತಾರೆ? ಆವತ್ತೂ ಇವಳೇ ಹೇಳಿದ್ದು, ಇವತ್ತೂ ಇವಳೇ ಹೇಳಿದ್ದು ಅಂತಾರೆ. ದೂರ ದೂರ ಕೂತು, ಅವರ ಕಣ್ಣೆದುರಿಗೇ ಮತ್ತೆ ನೂಲು ಅಂತ ಬರೆದ್ರೆ ಆಗ ಅದು ಮಕ್ಕಳದೇ ತಪ್ಪು ಅಂತ ಗೊತ್ತಾಗತ್ತೆ."

"ಅಂದ್ರೆ ನಿನ್ನ ಮಕ್ಕಳು ತಪ್ಪು ಬರೀಲಿ ಅಂತ ನೀನೇ ಕಾಯ್ತೀಯಾ?"

"ಹೂಂ ಸಾರ್. ಕಾಯ್ತೀನಿ."

ಬುಧವಾರ ಅವಳು ಆ ವಿಷಯಕ್ಕೇ ಹೋಗಲಿಲ್ಲ. ಭಾಗಾಕಾರ ಮಾಡಿಸಿದಳು. ನಾಲಿಗೆಯ ತುದಿಗೆ ಬಂದ ಚಿಟ್ಟೆಯನ್ನು ನುಂಗಿಕೊಂಡಳು. ಗುರುವಾರ ಬೆಳಗ್ಗೆ ದೇವರ ಮುಂದೆ ನಿಂತು, ಯಾವ ಟೀಚರೂ ಬೇಡದ ವರ ಬೇಡಿದಳು. ಅಪ್ಪಾ ತಂದೇ, ಒಬ್ಬರೂ ಬಿಡದಂತೆ ಎಲ್ಲರ ಕೈಲೂ ಇವತ್ತು ತಪ್ಪು ಬರೆಸು.

ಹತ್ತೂವರೆಗೆ ಜೀಪು ಬಂತು. ಜಿಲ್ಲಾ ಕಚೇರಿಯಿಂದ ಬಂದ ಚೆನ್ನರಾಯಪ್ಪನವರದು ಕಡಿಮೆ ಮಾತು. ಮಕ್ಕಳನ್ನು ಅಂಗಳದಲ್ಲಿ ಮಾರು ದೂರಕ್ಕೊಬ್ಬರಂತೆ ಕೂರಿಸಿದರು, ರೂಪಳನ್ನು ಆಫೀಸ್ ರೂಮಿನ ಬಾಗಿಲಲ್ಲೇ ನಿಲ್ಲಿಸಿದರು. ಇಪ್ಪತ್ತು ಹೊಸ ಪ್ರಶ್ನೆ, ಅದರ ನಡುವೆ ಆ ಹಳೇ ಪ್ರಶ್ನೆ. ರೂಪ ಬಾಗಿಲಿಂದಲೇ ಒಬ್ಬೊಬ್ಬರನ್ನೇ ನೋಡುತ್ತಿದ್ದಳು. ಮಧುಸೂದನ ಪೆನ್ಸಿಲ್ ಕಚ್ಚುತ್ತಿದ್ದಾನೆ, ಯೋಚನೆ ಮಾಡಬೇಡ ಕಣೋ, ನಿನಗೆ ಯೋಚನೆ ಒಗ್ಗಲ್ಲ! ಹರಿಣಿ ಆಕಾಶ ನೋಡ್ತಿದ್ದಾಳೆ. ಅಯ್ಯೋ, ಎಲ್ಲಿಯಾದರೂ ಚಿಟ್ಟೆ ಹಾರಿ ಬಂದುಬಿಟ್ಟೀತು!

ಮುಗಿದ ಮೇಲೆ ಚೆನ್ನರಾಯಪ್ಪ ಮೇಜಿನ ಹತ್ತಿರ ಕೂತು ಒಂದೊಂದೇ ಹಾಳೆ ತಿದ್ದಿದರು. ಹೊಸ ಪ್ರಶ್ನೆಗಳಲ್ಲಿ ಹದಿನೇಳು, ಹದಿನೆಂಟು ಸರಿ. ಅವರ ಹುಬ್ಬು ಸಡಿಲವಾಯಿತು. ಆ ಹಳೇ ಪ್ರಶ್ನೆಯ ಉತ್ತರವನ್ನು ಮಾತ್ರ ಗಟ್ಟಿಯಾಗಿ ಓದುತ್ತಿದ್ದರು. ಹರಿಣಿ: ನೂಲು. ಮಧುಸೂದನ: ನೂಲು. ರೂಪ ಬಾಗಿಲಲ್ಲೇ ಬೆರಳು ಮಡಿಸುತ್ತಿದ್ದಳು. ಹತ್ತು, ಹದಿನೈದು, ಹದಿನೆಂಟು. ಕೋನಪ್ಪನವರು ಆಗಲೇ ಕಾಫಿಗೆ ಹೇಳಿ ಕಳಿಸಿದ್ದರು.

ಹತ್ತೊಂಬತ್ತನೇ ಹಾಳೆಯ ಮೇಲೆ ಪೆನ್ನು ನಿಂತಿತು.

"ತರನ್ನುಮ್ ಯಾರು?"

ಹಿಂದಿನ ಸಾಲಿಂದ ಒಂದು ಸಣಕಲು ಹುಡುಗಿ ಎದ್ದಳು. ಗೂಡು ಬೇಯಿಸಿ ನೂಲು ಬಿಚ್ಚಾಣಿಕೆ ಮಾಡುವ ಕಲಂದರ್ ಅವರ ಮಗಳು.

"ಆವತ್ತು ನೂಲು ಬರೆದಿದ್ದೆ. ಇವತ್ತು ಚಿಟ್ಟೆ ಬರೆದಿದ್ದೀಯ. ಯಾರು ಹೇಳಿಕೊಟ್ಟರಮ್ಮ?"

ರೂಪ ಮಡಿಸಿದ್ದ ಬೆರಳುಗಳನ್ನು ಬಿಚ್ಚಿಬಿಟ್ಟಳು. ಮುಗೀತು, ಎಲ್ಲಾ ಮುಗೀತು. ಸರಿ ಉತ್ತರ ಬರೆದು ಮುಳುಗಿಸಿಬಿಟ್ಟಳಲ್ಲ ಈ ಹುಡುಗಿ!

"ಯಾರೂ ಹೇಳ್ಲಿಲ್ಲ ಸಾರ್. ನೋಡಿದೆ."

"ಎಲ್ಲಿ?"

"ಮನೇಲಿ. ಆವತ್ತು ಪರೀಕ್ಷೇಲಿ ಚಿಟ್ಟೆ ಅಂತ ಇತ್ತಲ್ಲ ಸಾರ್. ನಮ್ ಗೂಡಿಗೂ ಚಿಟ್ಟೆಗೂ ಏನ್ ಸಂಬಂಧ ಅನ್ನಿಸ್ತು. ಸುಮ್ನೆ ಯಾರಾದ್ರೂ ಪೇಪರಲ್ಲಿ ಹಾಕ್ತಾರಾ? ಅದಕ್ಕೇ ನಮ್ ಅಬ್ಬಾ ಗೂಡನ್ನ ಹಬೆಗೆ ಹಾಕೋಕೆ ಮುಂಚೆ ಎರಡು ತೆಗ್ದು ಬಚ್ಚಿಟ್ಟೆ. ಮೊನ್ನೆ ಒಂದು ತೂತಾಯ್ತು ಸಾರ್!" ಅವಳ ದನಿ ಏರಿತು. "ಒಳಗಿಂದ ಬಂತು! ಬೆಳ್ಳಗಿದೆ, ರೆಕ್ಕೆ ಇದೆ, ಆದ್ರೆ ಹಾರಕ್ಕೆ ಬರಲ್ಲ. ಇನ್ನೂ ಬದುಕಿದೆ, ಬನ್ನಿ ತೋರಿಸ್ತೀನಿ!"

ಮಧುಸೂದನ ತಟ್ಟನೆ ಎದ್ದು ನಿಂತ. "ಸುಳ್ಳು ಸಾರ್! ನಮ್ಮನೇಲಿ ಲಕ್ಷಗಟ್ಲೆ ಹುಳ ಸಾಕಿದೀವಿ, ಒಂದಕ್ಕೂ ರೆಕ್ಕೆ ಬಂದಿಲ್ಲ!"

"ನೀವು ಬರೋಕೆ ಬಿಟ್ರೆ ತಾನೇ!" ಅಂದಳು ತರನ್ನುಮ್.

ಚೆನ್ನರಾಯಪ್ಪ ಪೆನ್ನಿಗೆ ಮುಚ್ಚಳ ಹಾಕಿ ಎದ್ದರು. "ನಡೀರಿ, ನೋಡೇಬಿಡಣ."

ಇಡೀ ಐದನೇ ಕ್ಲಾಸು ಬೀದಿಯಲ್ಲಿ ದಡದಡ ಓಡಿತು. ಹಿಂದೆ ಅಧಿಕಾರಿ, ಅವರ ಹಿಂದೆ ಸೆರಗು ಸಿಕ್ಕಿಸಿಕೊಂಡು ರೂಪ, ಕೊನೆಗೆ ಏದುಸಿರು ಬಿಡುತ್ತಾ ಕೋನಪ್ಪ. ಬಾಗಿಲಲ್ಲಿ ಅಕ್ಕಿ ಆರಿಸುತ್ತಿದ್ದ ಅಜ್ಜಿ ಮೆಹಬೂಬ್ ಬೀ ಇಷ್ಟು ಜನ ನೋಡಿ, "ಯಾ ಅಲ್ಲಾ, ಏನ್ ಮಾಡ್ಬಿಟ್ಲು ನಮ್ ಹುಡುಗಿ?" ಅಂತ ಮೊರ ಕೆಳಗಿಟ್ಟರು. ತರನ್ನುಮ್ ಮಂಚದ ಕೆಳಗೆ ತೂರಿ ಒಂದು ಚಪ್ಪಲಿ ಡಬ್ಬ ಎಳೆದು ತಂದಳು. ಅಜ್ಜಿ ಇಣುಕಿದರು. "ಗೂಡು ತೂತು ಮಾಡಿದ್ದೀಯಾ? ಇನ್ನು ಅದರಲ್ಲಿ ನೂಲು ಬರತ್ತಾ? ನಿಮ್ಮ ಅಬ್ಬಾ ಬರಲಿ, ಇರು ನಿಂಗೆ!"

ಡಬ್ಬದೊಳಗೆ ಎರಡು ಗೂಡು, ಒಂದು ಒಡೆದದ್ದು. ಪಕ್ಕದಲ್ಲಿ ದಪ್ಪ ಹೊಟ್ಟೆಯ ಬಿಳೀ ಚಿಟ್ಟೆ ರೆಕ್ಕೆ ಪಟಪಟ ಬಡಿಯುತ್ತಿತ್ತು. ಕೆಳಗೆ ಹಾಸಿದ್ದ ನೋಟ್‌ಬುಕ್ ಹಾಳೆಯ ಮೇಲೆ ಸಾಸಿವೆಗಿಂತ ಸಣ್ಣ ಮೊಟ್ಟೆಗಳು, ನೂರಾರು.

ಚೆನ್ನರಾಯಪ್ಪ ಕುಕ್ಕರಗಾಲಲ್ಲಿ ಕೂತು ಕನ್ನಡಕ ಏರಿಸಿ ನೋಡಿದರು, ನೋಡುತ್ತಲೇ ಇದ್ದರು.

"ಆ ಪ್ರಶ್ನೆ ಹಾಕಿದವರಲ್ಲಿ ನಾನೂ ಒಬ್ಬ ಕಣಮ್ಮ," ಅಂದರು ಕೊನೆಗೆ. "ಪುಸ್ತಕ ನೋಡಿ ಹಾಕಿದ್ದೆ. ಇದನ್ನ ನಾನೂ ಇವತ್ತೇ ನೋಡ್ತಿರೋದು."

ಆಮೇಲೆ ಜೇಬಿನಿಂದ ತನಿಖೆಯ ಕಾಗದ ತೆಗೆದು, ಮೊಣಕಾಲ ಮೇಲಿಟ್ಟುಕೊಂಡು, ಓದಿಕೊಳ್ಳುತ್ತಾ ಬರೆದರು: "ಆರೋಪ ಸುಳ್ಳು. ಫಲಿತಾಂಶದಲ್ಲಿ ಬದಲಾವಣೆ ಬೇಡ."

ರೂಪಳ ಕಣ್ಣು ತುಂಬಿ ಬಂತು. ಸಂತೋಷವೋ ನಾಚಿಕೆಯೋ ಅವಳಿಗೇ ತಿಳಿಯಲಿಲ್ಲ. ಬೆಳಗ್ಗೆಯಿಂದ ಯಾವ ಉತ್ತರ ಬರದಿರಲಿ ಅಂತ ಜೀವ ಕೈಯಲ್ಲಿ ಹಿಡಿದಿದ್ದಳೋ ಅದನ್ನೇ ಈ ಹುಡುಗಿ ದಿನಗಟ್ಟಲೆ ಕಾದು ಕಂಡುಕೊಂಡಿದ್ದಳು. ತರನ್ನುಮ್‌ಳನ್ನು ಬಾಚಿ ತಬ್ಬಿಕೊಂಡಳು.

ಮಧುಸೂದನ ಅವಳ ಸೆರಗು ಜಗ್ಗಿದ. ಮುಖ ಸಣ್ಣಗಾಗಿತ್ತು. "ಮಿಸ್, ಹಂಗಾದ್ರೆ ನಾವು ಬರೆದಿದ್ದು ತಪ್ಪಾ?"

"ತಪ್ಪು ಕಣೋ!" ಅಂದಳು ರೂಪ, ಅಳುತ್ತಾ ನಗುತ್ತಾ, ಬೀದಿಗೆಲ್ಲ ಕೇಳುವ ಹಾಗೆ. "ಎಲ್ಲಾರ್ದೂ ತಪ್ಪು! ನಂದೂ ಸೇರಿ!"