ತಲೆಯಾಡಿಸಿದ ತೂಕ

ಆಫೀಸಿನಲ್ಲಿ ಎಲ್ಲರೂ ಅವನನ್ನು ಮೌನಿ ಎಂದೇ ಕರೆಯುತ್ತಿದ್ದರು. ಆ ಹೆಸರಿಟ್ಟದ್ದು ಬಾವ, ಅಕ್ಕನ ಗಂಡ. ಅಲ್ಲಿ ಕೆಲಸ ಕೊಡಿಸಿದ್ದೂ ಅವರೇ.

ಕ್ರೇನ್ ಓಡಿಸಲು ಕಲಿಯುವವರಿಗೆ ಕಂಪ್ಯೂಟರ್ ಪರದೆಯ ಮೇಲೊಂದು ಕ್ರೇನ್ ಮಾಡಿಕೊಡುವುದು ಕಂಪನಿಯ ಕಸುಬು. ಹಗ್ಗ ಎಷ್ಟು ಬಿಗಿಯಬೇಕು, ತೂಕ ಹೇಗೆ ತೂಗಾಡಿ ನಿಲ್ಲಬೇಕು ಎಂಬ ಲೆಕ್ಕವೆಲ್ಲ ಬಾವ ಬರೆದ ಲೈಬ್ರರಿ ಎಂಬ ಕೋಡಿನ ಕಟ್ಟಿನಲ್ಲಿತ್ತು. ಅದು ಹಳತಾಯಿತೆಂದು ಯಜಮಾನರು ಮೌನಿಯ ಕೈಲಿ ಹೊಸದನ್ನು ಬರೆಸಿದರು. ಡೆಮೋದಲ್ಲಿ ತೂಕ ಬೆಣ್ಣೆಯಿಂದ ಕೂದಲು ತೆಗೆದಷ್ಟು ನಯವಾಗಿ ಇಳಿದು ನಿಂತಿತು. ಯಜಮಾನರು ಮೌನಿಯ ಬೆನ್ನು ತಟ್ಟಿದರು. ಅದೇ ವಾರ ಬಾವನಿಗೆ, ಇನ್ನು ನೀವು ಬರುವುದು ಬೇಡ ಎಂದರು.

ಇವತ್ತು ಬಾವನ ಕೊನೆಯ ದಿನ. ಅವರು ಪಕ್ಕದ ಮೇಜಿನ ಡ್ರಾಯರು ಖಾಲಿ ಮಾಡುತ್ತಿದ್ದಾಗ, ಮೌನಿ ಗಿರಾಕಿಗೆ ಕಳಿಸಬೇಕಾದ ಹೊಚ್ಚಹೊಸ ಕಂಪ್ಯೂಟರಿನ ಮುಂದಿದ್ದ. ತಾನು ಬರೆದ ಸೋರ್ಸ್ ಕೋಡ್ ಹಾಕಿ, ಅದರಿಂದ ಲೈಬ್ರರಿ ಕಟ್ಟಿ, ಕ್ರೇನಿನ ಪ್ರೋಗ್ರಾಮಿಗೆ ಲಿಂಕ್ ಮಾಡಿದ. ಒಂದು ತಕರಾರೂ ಬರಲಿಲ್ಲ. ಓಡಿಸಿದ. ತೂಕ ದೆವ್ವ ಮೆಟ್ಟಿದಂತೆ ನಡುಗಿ, ಹಗ್ಗ ಕಿತ್ತುಕೊಂಡು ಪರದೆಯಾಚೆ ಹಾರಿಹೋಯಿತು.

ಎಲ್ಲ ಅಳಿಸಿ ಮತ್ತೆ ಕಟ್ಟಿದ. ಮತ್ತೆ ಹಾರಿತು.

ತನ್ನ ಕಂಪ್ಯೂಟರಿಗೆ ಹೋಗಿ, ಅಲ್ಲಿ ಪ್ರೋಗ್ರಾಮು ಯಾವ ಫೋಲ್ಡರಿನಿಂದ ಲೈಬ್ರರಿ ಎತ್ತಿಕೊಂಡಿದೆ ಎಂದು ನೋಡಿದ. ಪ್ರೋಗ್ರಾಮಿನಲ್ಲಿ ಏನನ್ನೂ ಬದಲಿಸುವ ಗೋಜು ಬೇಡವೆಂದು ಹೊಸ ಲೈಬ್ರರಿಗೂ ಅವನು ಹಳೆಯ ಹೆಸರನ್ನೇ ಇಟ್ಟಿದ್ದ. ಎರಡನ್ನೂ ಜೋಡಿಸುವ ಲಿಂಕರಿಗೆ ಹೆಸರು ಸಿಕ್ಕರೆ ಸಾಕು. ಅದು ಹುಡುಕುವ ಮೊದಲ ಫೋಲ್ಡರಿನಲ್ಲಿ ಬಾವನದು ಕೂತಿತ್ತು. ಅದನ್ನೇ ಹಿಡಿದು ಜೋಡಿಸಿತ್ತು. ತಿಂಗಳುಗಟ್ಟಲೆ ಬರೆದ ಅವನ ಲೈಬ್ರರಿ ಇವತ್ತಿನವರೆಗೆ ಒಮ್ಮೆಯೂ ಓಡಿರಲಿಲ್ಲ.

“ಹಾರಿಹೋಯ್ತಾ?” ಬಾವ ತಲೆ ಎತ್ತದೆ ಕೇಳಿದರು. “ಹಾರ್ದೆ ಇನ್ನೇನು. ಆ ಹೊಸ ಮೆಷಿನ್ನಲ್ಲಿ ನಂದು ಇಲ್ವಲ್ಲ.”

“ಬಾವ, ನಿಮಗೆ ಗೊತ್ತಿತ್ತಾ?”

“ಡೆಮೋ ದಿನಾನೇ. ನಿಲ್ಲೋ ಮುಂಚೆ ತೂಕ ಒಂದು ಸಲ ತಲೆ ಆಡಿಸ್ತು ನೋಡು, ಅದು ನನ್ನ ತಪ್ಪು ಕಣೋ. ಎಷ್ಟು ತಿಣುಕಿದ್ರೂ ಹೋಗಿರ್ಲಿಲ್ಲ. ನನ್ನ ಕೂಸು ಕುಂಟೋದು ನನಗೆ ಗೊತ್ತಾಗಲ್ವಾ?”

“ಮತ್ತೆ ಯಾಕೆ ಬಾಯಿ ಬಿಡ್ಲಿಲ್ಲ?”

“ನೀನು ಬಿಡ್ತೀಯ ಅಂತ ಕಾದೆ. ಎಲ್ರೂ ಚಪ್ಪಾಳೆ ತಟ್ತಾ ಇದ್ರು, ನೀನು ನೆಲ ನೋಡ್ತಾ ಕೂತಿದ್ದೆ. ಪರವಾಗಿಲ್ಲ, ನಾನಿಟ್ಟ ಹೆಸರು ಸಾರ್ಥಕವಾಯ್ತು ಅಂದ್ಕೊಂಡೆ.”

“ನನಗೆ ಗೊತ್ತಿರ್ಲಿಲ್ಲ ಬಾವ. ಅಕ್ಕನಾಣೆ.”

“ನಿಮ್ಮಕ್ಕನ್ನ ಇದಕ್ಕೆ ಎಳೀಬೇಡ. ಅವಳಿನ್ನೂ ನನ್ನ ತಮ್ಮ, ನನ್ನ ತಮ್ಮ ಅಂತಾನೇ ಇದಾಳೆ.”

ಯಾರಾದರೂ ಹೊಗಳಿದರೆ ಚಿಕ್ಕಂದಿನಿಂದಲೂ ಅವನು ನೆಲ ನೋಡುತ್ತಿದ್ದ. ಅಷ್ಟನ್ನು ಹೇಳಿದರೆ ಸಾಕಿತ್ತೇನೋ. ಆದರೆ ನಿಜ ಹೇಳುವವನ ದನಿಯೂ ಸಿಕ್ಕಿಬಿದ್ದವನ ದನಿಯೂ ಈ ಗಳಿಗೆಯಲ್ಲಿ ಒಂದೇ ಥರ ಕೇಳಿಸುತ್ತದೆ ಎಂದು ಅವನಿಗೆ ಹೊಳೆಯಿತು.

“ಯಜಮಾನರಿಗೆ ಈಗ್ಲೇ ಹೇಳ್ತೀನಿ.”

“ಹೇಳು. ನಾನೇನು ನಿನ್ನ ಬಾಯಿ ಕಟ್ಟಿದೀನಾ?”

ಅಷ್ಟರಲ್ಲಿ ಯಜಮಾನರೇ ಬಾಗಿಲಲ್ಲಿ ನಿಂತಿದ್ದರು. “ಏನಪ್ಪಾ ಮೌನಿ, ಕೆಳಗೆ ಗಾಡಿ ಬಂದು ನಿಂತಿದೆ. ಆಯ್ತೋ ಇಲ್ವೋ? ಆಗಲ್ಲ ಅಂದ್ರೆ ಹೇಳ್ಬಿಡು, ನಿನ್ನನ್ನೂ ಬಾವನ ಜತೆಗೇ ಕಳಿಸಿಕೊಡ್ತೀನಿ!” ಎಂದು ತಮ್ಮ ತಮಾಷೆಗೆ ತಾವೇ ನಕ್ಕರು.

ಬಾವ ಡ್ರಾಯರಿನೊಳಗೆ ಕೈಯಿಟ್ಟವರು ಹಾಗೇ ನಿಂತರು. ಮತ್ತೊಮ್ಮೆ ಕಾಯುತ್ತಿದ್ದರು.

ಮೌನಿ ಯಜಮಾನರ ಕಡೆ ತಿರುಗಿದ.

“ಒಂದು ಫೈಲ್ ಬಿಟ್ಟುಹೋಗಿದೆ ಸರ್,” ಎಂದ. “ಅದನ್ನ ಹಾಕಿದ್ರೆ ಮುಗೀತು.”

“ಬೇಗ ಬೇಗ,” ಎಂದು ಯಜಮಾನರು ಹೋದರು.

ಮೌನಿ ಬಾವನ ಲೈಬ್ರರಿಯನ್ನು ಹೊಸ ಕಂಪ್ಯೂಟರಿಗೆ ಹಾಕಿ ಲಿಂಕ್ ಮಾಡಿದ. ತೂಕ ತೂಗಾಡಿತು, ಒಂದು ಸಲ ತಲೆಯಾಡಿಸಿತು, ನಿಂತಿತು. ಅವನು ನೆಲ ನೋಡುತ್ತಾ ಕೂತ.

ಬಾವ ಡ್ರಾಯರು ಮುಚ್ಚಿ ಚೀಲವನ್ನು ಹೆಗಲಿಗೇರಿಸಿದರು.

“ಆಗ ಗೊತ್ತಿರ್ಲಿಲ್ಲ ಅಂದೆ. ಈಗ ಗೊತ್ತಿದೆ ಅಲ್ವಾ?” ಎಂದು ಕೇಳಿ, ಉತ್ತರಕ್ಕೆ ಕಾಯದೆ ಹೊರಟರು.