ಕಾರಣ ಗೊತ್ತಿಲ್ಲದ ಕೆಂಪು

ನನ್ನ ಹೆಸರು ವೆಲ್ಡಾ ಟ್ಯಾಕೆಟ್. ಪೈಪ್‌ಲೈನಿನಲ್ಲಿ ವೆಲ್ಡಿಂಗ್ ಮಾಡುವವಳಿಗೆ ಇಂಥ ಹೆಸರೇ ಎಂದು ನಗುವವರು ಮೂವತ್ತು ವರ್ಷದಿಂದ ನಗುತ್ತಲೇ ಇದ್ದಾರೆ. ಅದು ನನ್ನ ಅಜ್ಜಿಯ ಹೆಸರು, ಅವಳು ಕೋಳಿ ಸಾಕುತ್ತಿದ್ದಳು. ಓಕ್ಲಹೋಮದಲ್ಲಿ ನನಗಿಂತ ಚೆನ್ನಾಗಿ ಬೆಸುಗೆ ಹಾಕುವವರು ಒಂದು ನಾಲ್ಕು ಜನ ಇರಬಹುದು. ಅವರಲ್ಲಿ ಇಬ್ಬರಿಗೆ ಈಗ ಕಣ್ಣು ಸರಿಯಾಗಿ ಕಾಣುವುದಿಲ್ಲ.

ಅಪ್ಪ ಕ್ಲೋವಿಸ್ ತೀರಿಕೊಂಡಾಗ ನನಗೂ ನನ್ನ ತಮ್ಮ ಡೆಲ್ಬರ್ಟನಿಗೂ ಸೇರಿ ಬಿಟ್ಟುಹೋದದ್ದು ತನ್ನ ವೆಲ್ಡಿಂಗ್ ಮಷೀನು. ೧೯೫೪ರದ್ದು. ಮುಂದೆ ನಾಲ್ಕು ಸಿಲಿಂಡರಿನ ಪೆಟ್ರೋಲ್ ಎಂಜಿನ್, ಹಿಂದೆ ತಾಮ್ರದ ತಂತಿ ಸುತ್ತಿದ ಜನರೇಟರು, ಎರಡೂ ಸೇರಿ ಒಂದು ದೊಡ್ಡ ಹಸುವಿನ ತೂಕ. ಟ್ರಕ್ಕಿನ ಬೆನ್ನಮೇಲೆ ಕೂತು ಅದು ಅಪ್ಪನ ಜೊತೆ ಐದು ರಾಜ್ಯ ತಿರುಗಿತ್ತು. ಈಗಿನ ಮಷೀನುಗಳಲ್ಲಿ ಇಲ್ಲದ ಒಂದು ನಯ ಅದರ ಬೆಂಕಿಯಲ್ಲಿದೆ. ಅದಕ್ಕೇ ಪೈಪ್‌ಲೈನಿನ ಜನ ಇಂದಿಗೂ ಹಳೆಯದನ್ನು ಹುಡುಕಿಕೊಂಡು ಊರೂರು ಅಲೆಯುತ್ತಾರೆ.

ಡೆಲ್ಬರ್ಟ್ ಟಲ್ಸಾದಲ್ಲಿ ಔಷಧಿ ಅಂಗಡಿ ನಡೆಸುತ್ತಾನೆ. ಜೀವಮಾನದಲ್ಲಿ ಒಂದು ಬೆಸುಗೆ ಹಾಕಿದವನಲ್ಲ. ಅಪ್ಪನ ಮಣ್ಣಾದ ವಾರವೇ ಮಷೀನನ್ನು ತನ್ನ ಶೆಡ್ಡಿಗೆ ಒಯ್ದು ನಾಲ್ಕು ವರ್ಷ ಅದರ ಸೇವೆ ಮಾಡಿದ. ಜನರೇಟರಿನ ಹೊಟ್ಟೆಗೆ ಮಾತ್ರ ಕೈಹಾಕಲಿಲ್ಲ. ಉಳಿದದ್ದೆಲ್ಲ ಬಿಚ್ಚಿ, ಉಜ್ಜಿ, ಕಾರ್ಖಾನೆಯಿಂದ ಬಂದ ದಿನ ಹೇಗಿತ್ತೋ ಹಾಗೆ ಬಣ್ಣ ಬಳಿದ. ಹಳೆ ಎಂಜಿನುಗಳ ಪ್ರದರ್ಶನಗಳಿಗೆ ಒಯ್ದು ಸುಮ್ಮನೆ ಓಡಿಸಿ ಮೊದಲ ಬಹುಮಾನದ ಮೂರು ನೀಲಿ ರಿಬ್ಬನ್ ಗೆದ್ದ. ನಾನು ಏನೂ ಅನ್ನಲಿಲ್ಲ, ನನ್ನ ಹತ್ತಿರ ನನ್ನದೇ ಮಷೀನು ಇತ್ತು.

ಅದು ಅಕ್ಟೋಬರಿನಲ್ಲಿ ಕೈಕೊಟ್ಟಿತು. ಕುಶಿಂಗ್ ಪಟ್ಟಣದ ಆಚೆ ಹೊಸ ಲೈನು ಶುರುವಾಗುತ್ತಿತ್ತು, ಒಂದು ವರ್ಷದ ಕೆಲಸ. ಕೆಲಸ ಸಿಗಲು ಮೊದಲು ಬೆಸುಗೆ ಹಾಕಿ ತೋರಿಸುವ ಟೆಸ್ಟಿಗೆ ನನ್ನ ಹೆಸರು ಬಂದು ಮೂರು ದಿನ ಉಳಿದಿದ್ದಾಗ ಎಂಜಿನ್ ಜಾಮ್ ಆಗಿ ಕೂತಿತು. ಪೈಪ್‌ಲೈನಿನಲ್ಲಿ ಮಷೀನು ನಮ್ಮದೇ ಆಗಿರಬೇಕು, ಟೆಸ್ಟಿಗೆ ಅವಕಾಶ ಒಂದೇ ಸಲ. ನಾನು ಡೆಲ್ಬರ್ಟನ ಶೆಡ್ಡಿನ ಬಾಗಿಲಿಗೆ ಹೋಗಿ ನಿಂತೆ.

"ಬೇಡ ಅಕ್ಕ," ಅಂದ. "ಅಪ್ಪನ ಕೈಲಿ ಐವತ್ ವರ್ಷ ಕೆಸ್ರು, ಧೂಳು ತಿಂದಿದೆ. ಇನ್ನಾದ್ರೂ ನೆಮ್ಮದಿಯಾಗಿ ಇರ್ಲಿ."

"ಅದೇನ್ ಪಿಂಚಣಿ ತಗೊಂಡಿರೋ ಮುದುಕನಾ? ವೆಲ್ಡಿಂಗ್ ಮಾಡೋಕೆ ಹುಟ್ಟಿದ್ದು, ಮಾಡ್ಲಿ."

"ನಾಲ್ಕ್ ವರ್ಷ, ಅಕ್ಕ. ಒಂದೊಂದು ಸ್ಕ್ರೂ ನನ್ ಕೈಯಲ್ಲಿ ತೊಳ್ದಿದೀನಿ."

"ನಿನ್ನಷ್ಟೇ ನನಗೂ ಸೇರಿದ್ದು ಅದು."

ಅವನು ಕೈಯಲ್ಲಿದ್ದ ಒರೆಸುವ ಬಟ್ಟೆಯನ್ನು ಮಡಿಸಿ ಕಿಸೆಗೆ ಹಾಕಿಕೊಂಡ. ಕೊನೆಗೆ, "ಸರಿ. ನಾನೂ ಬರ್ತೀನಿ," ಅಂದ. "ಫೇಲಾದ್ರೆ ಇದು ವಾಪಸ್ ಇಲ್ಲಿಗೆ, ಶಾಶ್ವತವಾಗಿ. ನೀನು ಇನ್ಯಾವತ್ತೂ ಕೇಳೋ ಹಾಗಿಲ್ಲ. ಪಾಸಾದ್ರೆ ನಿನ್ದು. ಕೆಸರಲ್ಲಿ ಹೂತ್ರೂ ನಾನು ತುಟಿ ಬಿಚ್ಚಲ್ಲ."

ನಾನು ಅವನ ಕೈ ಕುಲುಕಿ ಒಪ್ಪಿದೆ. ನಾನು ಫೇಲಾಗುವವಳಲ್ಲ ಎಂಬುದು ನನಗೆ ಗೊತ್ತಿತ್ತು.

ಟೆಸ್ಟಿನ ದಿನ ಬೆಳಿಗ್ಗೆ ಅಂಗಳದಲ್ಲಿ ಹನ್ನೊಂದು ಟ್ರಕ್ಕುಗಳು ಸಾಲಾಗಿ ನಿಂತಿದ್ದವು. ನಮ್ಮ ಮಷೀನಿನ ಸುತ್ತ ಜನ ಸೇರಿದರು. ಒಬ್ಬ ಅದರ ಹೊಳಪಿನಲ್ಲಿ ಮೀಸೆ ತೀಡಿಕೊಂಡು, "ಇದ್ರಲ್ಲಿ ವೆಲ್ಡಿಂಗ್ ಮಾಡ್ತೀರೋ ಮದ್ವೆಗೆ ಹೋಗ್ತೀರೋ?" ಅಂದ.

"ಮೊದ್ಲು ವೆಲ್ಡಿಂಗ್," ಅಂದೆ. "ನೀನು ಫೇಲಾಗಿ ಅಳ್ತಾ ಕೂತ್ರೆ ಆಮೇಲೆ ಮದ್ವೆ ವಿಚಾರ ನೋಡೋಣ."

ಟೆಸ್ಟ್ ತಗೊಳ್ಳುವವನು ರೂಫಸ್ ಸ್ಟೋಕ್ಸ್, ಅರವತ್ತು ದಾಟಿದ ಒಣಕಲು ಮನುಷ್ಯ. ಹಿಂದೆ ಅವನೂ ವೆಲ್ಡರನೇ, ಅಪ್ಪನ ಜೊತೆ ಕೆಲಸ ಮಾಡಿದ್ದನಂತೆ. ಅಪ್ಪನ ಮಣ್ಣಿಗೆ ಬಂದು ಹಿಂದಿನ ಬೆಂಚಿನಲ್ಲಿ ಕೂತಿದ್ದ. ಆ ಗುರುತನ್ನು ಅವನು ಅಂಗಳದಲ್ಲಿ ಒಂದಿಷ್ಟೂ ತೋರಿಸಲಿಲ್ಲ. ಮಷೀನನ್ನು ಒಂದು ಸುತ್ತು ಹಾಕಿ ನೋಡಿದ, ಕೇಬಲ್ ಸಿಕ್ಕಿಸುವ ಎರಡು ಬೋಲ್ಟುಗಳ ಮುಂದೆ ಸ್ವಲ್ಪ ನಿಂತ, ಗಂಟಲು ಸರಿಮಾಡಿಕೊಂಡು ಮುಂದೆ ಹೋದ.

ನಮ್ಮ ಸರದಿ ಬೇಗ ಬಂತು. ಚೂರು ಕಬ್ಬಿಣದ ಮೇಲೆ ಬೆಂಕಿ ಪರೀಕ್ಷಿಸಲೂ ಸಮಯ ಸಿಗಲಿಲ್ಲ. ಕೇಬಲ್ ಜೋಡಿಸಿದವನು ಡೆಲ್ಬರ್ಟ್. ಅಪ್ಪ ಬದುಕಿದ್ದಾಗ ಆ ಬೋಲ್ಟುಗಳನ್ನು ಬೇರೆ ಯಾರೂ ಮುಟ್ಟುವಂತಿರಲಿಲ್ಲ. ನಾನು ಆ ಮಷೀನಿನಲ್ಲೇ ಕೆಲಸ ಕಲಿತವಳಾದರೂ ನನಗೂ ಬಿಡುತ್ತಿರಲಿಲ್ಲ. ಡೆಲ್ಬರ್ಟ್ ತಾನೇ ಹೊಳೆಯಿಸಿದ ಹಿತ್ತಾಳೆಯ ಫಲಕದ ಗುರುತು ನೋಡಿ, ನಾನು ಹಿಡಿಯುವ, ಕರಗಿ ಬೆಸುಗೆಯಾಗುವ ರಾಡಿನ ಕೇಬಲನ್ನು ಪ್ಲಸ್ಸಿಗೆ, ಪೈಪಿಗೆ ಹೋಗುವ ಇನ್ನೊಂದನ್ನು ಮೈನಸ್ಸಿಗೆ ಬಿಗಿದ. ಪೈಪ್‌ಲೈನಿನಲ್ಲಿ ರಾಡು ಪ್ಲಸ್ಸಿನಲ್ಲೇ ಇರಬೇಕು.

ಎರಡು ಪೈಪುಗಳನ್ನು ಬಾಯಿಗೆ ಬಾಯಿ ಕೂಡಿಸಿ ನಿಲ್ಲಿಸಿದ್ದರು. ಸ್ಟೋಕ್ಸ್ ಗಡಿಯಾರ ನೋಡಿ ತಲೆಯಾಡಿಸಿದ. ಪೂರ್ತಿ ಸುತ್ತುವ ಮೊದಲು ನಾಲ್ಕು ಕಡೆ ಚಿಕ್ಕ ಬೆಸುಗೆ ಹಾಕಿ ಪೈಪುಗಳನ್ನು ಹಿಡಿಸಬೇಕು. ಮುಖಕ್ಕೆ ಮುಸುಕು ಎಳೆದು ಮೊದಲನೆಯದಕ್ಕೆ ರಾಡು ತಾಗಿಸಿದೆ.

ಬೆಂಕಿ ಕಬ್ಬಿಣವನ್ನು ಕಚ್ಚಲೇ ಇಲ್ಲ. ಕಿಡಿ ನಾಲ್ಕೂ ಕಡೆ ಉಗುಳಿತು, ರಾಡು ಬೇಗ ಬೇಗ ಕರಗಿ ಮೇಲೆ ಮೇಲೆಯೇ ಗುಡ್ಡೆಯಾಯಿತು. ಅಪ್ಪನ ಮಷೀನಿನ ಸದ್ದು ನನಗೆ ಗೊತ್ತು, ಬಾಣಲೆಯಲ್ಲಿ ಹಂದಿಮಾಂಸ ಹುರಿಯುವ ಹದವಾದ ಸದ್ದು. ಇದು ಎಣ್ಣೆಗೆ ನೀರು ಬಿದ್ದ ಹಾಗೆ ಚಟಪಟ ಅನ್ನುತ್ತಿತ್ತು. ಕರೆಂಟು ಏರಿಸಿದೆ, ಇಳಿಸಿದೆ, ಎರಡನೆಯದು ಮೊದಲಿನದಕ್ಕಿಂತ ಹೊಲಸಾಯಿತು. ಹಿಂದೆ ಯಾರೋ ನಕ್ಕರು. ಮೂವತ್ತು ವರ್ಷದಲ್ಲಿ ಮೊದಲ ಸಲ ನನಗೆ ಟೆಸ್ಟಿನಲ್ಲಿ ಭಯವಾಯಿತು, ಕೆಲಸ ಹೋದರೂ ಚಿಂತೆಯಿಲ್ಲ, ಅಪ್ಪನ ಮಷೀನು ಗಾಜಿನೊಳಗಿನ ಗೊಂಬೆಯಾಗಿಬಿಡುತ್ತದಲ್ಲ ಎಂದು.

ಮುಸುಕು ಎತ್ತಿದೆ. "ಡೆಲ್ಬರ್ಟ್, ಕೇಬಲ್ ಉಲ್ಟಾ ಹಾಕಿದೀಯ."

"ಇಲ್ಲ ಅಕ್ಕ. ಫಲಕದಲ್ಲಿ ಬರ್ದಿದೆ, ನೋಡು. ಇದು ಪ್ಲಸ್ಸು."

"ಫಲಕ ಏನಾದ್ರೂ ಹೇಳ್ಕೊಳ್ಲಿ. ಉಲ್ಟಾ ಹರೀತಿದೆ ಅಂತ ಬೆಂಕಿ ಹೇಳ್ತಿದೆ."

"ಅಕ್ಕ, ಮೂಲ ಪುಸ್ತಕ ತರಿಸಿ, ಚಿತ್ರ ನೋಡಿ ಜೋಡ್ಸಿದೀನಿ. ಒಂದು ತಂತಿ ಆಚೀಚೆ ಆಗಿಲ್ಲ. ನಿನ್ ಕೈ ಸರಿ ಇಲ್ಲ ಅಂದ್ರೆ ಒಪ್ಕೋ."

ನನ್ನ ಕೈ ಸರಿ ಇಲ್ಲವಂತೆ. ಬೇರೆ ಯಾರಾದರೂ ಅಂದಿದ್ದರೆ ಸುತ್ತಿಗೆ ಹಾರುತ್ತಿತ್ತು. ಸ್ಟೋಕ್ಸನ ಕಡೆ ತಿರುಗಿ, "ಇವೆರಡೂ ಉಜ್ಜಿ ತೆಗ್ದು, ಕೇಬಲ್ ಅದಲು ಬದಲು ಮಾಡ್ತೀನಿ. ಮಾಡ್ಬಹುದಾ ಸರ್?" ಎಂದು ಕೇಳಿದೆ.

ಅವನ ಮುಖ ಕಲ್ಲಾಗಿತ್ತು. "ನಿನ್ ಮಷೀನು, ನಿನ್ ಇಷ್ಟ. ಹೊಸ ಪೈಪ್ ಕೊಡಲ್ಲ. ಟೈಮ್ ಓಡ್ತಿದೆ."

ಗ್ರೈಂಡರಿನಲ್ಲಿ ಎರಡನ್ನೂ ಉಜ್ಜಿದೆ. ಕೇಬಲುಗಳನ್ನು ಬಿಚ್ಚಿ ರಾಡಿನದನ್ನು ಮೈನಸ್ ಎಂದು ಬರೆದ ಬೋಲ್ಟಿಗೆ ನಾನೇ ಬಿಗಿದೆ. ಡೆಲ್ಬರ್ಟ್ ನೋಡಲಾರದೆ ಕಣ್ಣು ಮುಚ್ಚಿಕೊಂಡ. ರಾಡು ತಾಗಿಸಿದೆ.

ಬಾಣಲೆ ಹದಕ್ಕೆ ಬಂದಿತ್ತು. ಬೆಂಕಿ ಕಬ್ಬಿಣದೊಳಕ್ಕೆ ಇಳಿಯಿತು, ಕರಗಿದ ಲೋಹ ನಾನು ಹೇಳಿದ ಕಡೆ ಬಂತು. ಆಮೇಲೆ ನಾನು ಏನನ್ನೂ ಯೋಚಿಸಲಿಲ್ಲ. ಮೇಲಿನಿಂದ ಕೆಳಗೆ ಒಂದು ಮಗ್ಗುಲು, ಮತ್ತೆ ಮೇಲಿನಿಂದ ಕೆಳಗೆ ಇನ್ನೊಂದು, ಸುತ್ತಿನ ಮೇಲೆ ಸುತ್ತು. ಮುಗಿಸಿ ಮುಸುಕು ತೆಗೆದಾಗ ನಗುತ್ತಿದ್ದವರು ಹತ್ತಿರ ಬಂದು ಬಗ್ಗಿ ನೋಡುತ್ತಿದ್ದರು. ನನ್ನ ಕೆಲಸ ನೋಡಿ ನನಗೇ ಖುಷಿಯಾಯಿತು, ಅದರಲ್ಲಿ ನಾಚಿಕೆ ಏನು.

ಪೈಪನ್ನು ಪಟ್ಟಿ ಪಟ್ಟಿಯಾಗಿ ಕೊಯ್ದು, ಬಗ್ಗಿಸಿ, ಮುರಿದು ನೋಡಿದರು. ಒಳಗೆ ಸೂಜಿಮೊನೆಯಷ್ಟು ತೂತೂ ಇರಲಿಲ್ಲ. ಸ್ಟೋಕ್ಸ್ ಕಾಗದಕ್ಕೆ ಸಹಿ ಮಾಡಿ ನನ್ನ ಕೈಗಿಟ್ಟು, ಆಮೇಲೇ ಟೋಪಿ ತೆಗೆದ.

"ಈಗ ಮಾತಾಡ್ಬಹುದು," ಅಂದ. "ಆ ಮೈನಸ್ ಬೋಲ್ಟಿನ ಮೇಲೆ ಒಂದು ಕೆಂಪು ಮಚ್ಚೆ ಇತ್ತಲ್ಲ, ಏನಾಯ್ತು?"

"ಯಾವ್ದು, ಬಣ್ಣ ಚೆಲ್ಲಿತ್ತಲ್ಲ, ಅದಾ?" ಅಂದ ಡೆಲ್ಬರ್ಟ್. "ಕೆರ್ದು ತೆಗ್ದೆ. ಮೂಲದಲ್ಲಿ ಇರ್ಲಿಲ್ಲ."

"ಚೆಲ್ಲಿದ್ದಲ್ಲ ಕಣಪ್ಪ. ನಿಮ್ಮಪ್ಪ ಬಳ್ದಿದ್ದು." ಸ್ಟೋಕ್ಸ್ ನೆಲ ನೋಡಿಕೊಂಡು ಹೇಳಿದ. "ಅರವತ್ತೊಂಬತ್ತನೇ ಇಸವಿ, ಶಿಡ್ಲರ್ ಊರಿನ ಹತ್ರ ಲೈನು. ಕ್ಲೋವಿಸ್‌ಗೆ ಹಲ್ಲುನೋವು, ಕೀಳಿಸ್ಕೊಂಡ್ ಬರ್ತೀನಿ ಅಂತ ಹೋದ. ಮಷೀನು ಚಳಿಗಾಲ ಪೂರ್ತಿ ಸುಮ್ನೆ ಕೂತಿತ್ತು. ಹಾಗೆ ಕೂತ್ರೆ ಜನರೇಟರೊಳಗಿನ ಕಬ್ಬಿಣ ತನ್ನ ಅಯಸ್ಕಾಂತದ ಗುಣ ಮರ್ತುಬಿಡುತ್ತೆ, ಕರೆಂಟೇ ಹುಟ್ಟಲ್ಲ. ಬ್ಯಾಟರಿ ಮುಟ್ಟಿಸಿ ನೆನಪು ಮಾಡ್ಬೇಕು. ಅವನು ಬರೋಷ್ಟ್ರಲ್ಲಿ ರೆಡಿ ಮಾಡಿಡೋಣ ಅಂತ ನಾನೇ ಮುಟ್ಟಿಸ್ದೆ. ಉಲ್ಟಾ ಮುಟ್ಟಿಸ್ದೆ."

ಹಾಗೆ ಮುಟ್ಟಿಸಿದರೆ ಪ್ಲಸ್ಸು ಮೈನಸ್ಸಾಗುತ್ತದೆ, ಮೈನಸ್ಸು ಪ್ಲಸ್ಸು. ಮತ್ತೆ ಯಾರಾದರೂ ತಿದ್ದುವವರೆಗೆ ಕಬ್ಬಿಣ ಅದನ್ನೇ ನೆನಪಿಟ್ಟುಕೊಳ್ಳುತ್ತದೆ.

"ಅಪ್ಪ ಏನಂದ?" ಕೇಳಿದೆ.

"ಏನಂತಾನೆ, ಕೆನ್ನೆ ಇಷ್ಟ್ ದಪ್ಪ ಊದಿತ್ತು, ಬಾಯಿ ಬಿಡೋಕೆ ಆಗ್ತಿರ್ಲಿಲ್ಲ. ಒಂದ್ಸಲ ರಾಡ್ ತಾಗಿಸ್ದ, ನನ್ ಮುಖ ನೋಡ್ದ. ಕೇಬಲ್ ಬದಲಾಯಿಸಿ, ಇನ್ಮೇಲೆ ಪ್ಲಸ್ಸು ಇದೇ ಅನ್ನೋ ಗುರುತಿಗೆ ಕೆಂಪು ಬಣ್ಣ ತಂದು ಆ ಬೋಲ್ಟಿಗೆ ಬಳ್ದ. ಐದ್ ನಿಮಿಷದ ಕೆಲಸ, ಸರಿ ಮಾಡ್ತೀನಿ ಅಂದೆ. ಬೇಡ ಅಂತ ತಲೆ ಆಡಿಸ್ದ. ಫೋರ್‌ಮನ್ ನಿಂತಿದ್ದ, ಅವನ ಕಣ್ಣಿಗೆ ಬಿದ್ದಿದ್ರೆ ನಾನು ಅವತ್ತೇ ಮನೆಗೆ. ಬಾಯಿ ಸರಿಯಾದ್ಮೇಲೂ ಕ್ಲೋವಿಸ್ ಯಾರ ಹತ್ರಾನೂ ಬಾಯಿ ಬಿಡ್ಲಿಲ್ಲ."

ನಮಗೂ ಹೇಳಿರಲಿಲ್ಲ. ಆ ಬೋಲ್ಟುಗಳನ್ನು ಯಾರಿಗೂ ಮುಟ್ಟಲು ಬಿಡದ ಅಪ್ಪನನ್ನು ನಾನು ಜಂಬದವನು ಅಂದುಕೊಂಡಿದ್ದೆ.

"ಇವತ್ತು ನೀನು ಒದ್ದಾಡುವಾಗ ಹೇಳ್ಬಿಡೋಣ ಅನ್ನಿಸ್ತಮ್ಮ," ಅಂದ ಸ್ಟೋಕ್ಸ್. "ಒಂದ್ ಮಾತು ಆಡಿದ್ರೆ ಆ ಪಾಸು ನಿನ್ದಾಗ್ತಿರ್ಲಿಲ್ಲ." ಟೋಪಿ ಹಾಕಿಕೊಂಡು ಮುಂದಿನ ಟ್ರಕ್ಕಿನ ಕಡೆ ನಡೆದ.

ಡೆಲ್ಬರ್ಟ್ ಮಷೀನಿನ ಕೀಲಿ ತಂದು ನನ್ನ ಅಂಗೈಯಲ್ಲಿಟ್ಟ. ಆಮೇಲೆ ಮೆಲ್ಲಗೆ, "ಬ್ಯಾಟರಿ ಇದೆ ಅಕ್ಕ. ಈಗ್ಲೇ ತಿದ್ದಿ ಫಲಕದ ಪ್ರಕಾರ ಮಾಡ್ಲಾ?" ಅಂದ.

"ಮುಟ್ಟಿದ್ರೆ ಕೈ ಮುರೀತೀನಿ."

ಅವನು ಟ್ರಕ್ಕಿನೊಳಗಿಂದ ಒಂದು ಪೆಟ್ಟಿಗೆ ತಂದ. ಮಷೀನು ಎಲ್ಲಾದರೂ ತರಚಿದರೆ ತಕ್ಷಣ ಬಳಿಯಲೆಂದು ಬಣ್ಣದ ಡಬ್ಬಿಗಳನ್ನು ಹೊತ್ತು ತಂದಿದ್ದ. ಜೊತೆಗೆ ಮಾತ್ರೆಯ ಪುಟ್ಟ ಶೀಸೆಗಳು, ಸುಮಾರು ನಲವತ್ತು. ಅಪ್ಪನ ಮಷೀನಿನಿಂದ ಕೆರೆದ ಒಂದೊಂದು ಬಣ್ಣದ ಚಕ್ಕೆಯನ್ನೂ ಎಸೆಯದೆ ತುಂಬಿ, ಚೀಟಿ ಅಂಟಿಸಿದ್ದ. ಒಂದನ್ನು ಎತ್ತಿ ತೋರಿಸಿದ. ಅದರ ಮೇಲೆ ಅವನ ದುಂಡು ಅಕ್ಷರದಲ್ಲಿ, "ಎಡ ಬೋಲ್ಟು, ಕೆಂಪು, ಕಾರಣ ಗೊತ್ತಿಲ್ಲ" ಎಂದಿತ್ತು.

ಇವನಿಗೆ ಅಪ್ಪನ ಮೇಲೆ ಪ್ರೀತಿಯಿಲ್ಲ, ಹೊಳಪಿನ ಮೇಲಷ್ಟೇ ಎಂದು ನಾಲ್ಕು ವರ್ಷ ಅಂದುಕೊಂಡಿದ್ದೆ. ನನಗೆ ನಾಚಿಕೆಯಾಯಿತು. ಅಳುವೂ ಬಂತು, ಹೊಗೆಯ ಮೇಲೆ ಹಾಕಿ ಒರೆಸಿಕೊಂಡೆ.

"ನೀನೇ ಬಳಿ," ಅಂದೆ.

ಚಕ್ಕೆಯನ್ನು ಬೆಳಕಿಗೆ ಹಿಡಿದು, ಎರಡು ಕೆಂಪು ಬೆರೆಸಿ ಅದೇ ಬಣ್ಣ ಮಾಡಿದ. ಕೂದಲಿನಷ್ಟು ಸಣ್ಣ ಕುಂಚದಿಂದ ಬೋಲ್ಟಿನ ಸುತ್ತ ಅಚ್ಚುಕಟ್ಟಾದ ಉಂಗುರ ಬರೆದ.

"ಹಾಗಲ್ವೋ. ಅಪ್ಪನಿಗೆ ಹಲ್ಲುನೋವಿತ್ತು."

ಅವನು ನಕ್ಕ. ದಪ್ಪ ಕುಂಚ ಅದ್ದಿ ಒಂದೇ ಸಲಕ್ಕೆ ಬಳಿದ. ಬಣ್ಣ ಅಂಚು ದಾಟಿ ಅವನು ಹೊಳೆಯಿಸಿದ ಫಲಕದ ಮೇಲೆ ಸೋರಿ, ಮೈನಸ್ಸಿನ ಗುರುತನ್ನು ಅರ್ಧ ಮುಚ್ಚಿತು. ಅಭ್ಯಾಸಬಲದಿಂದ ಒರೆಸಲು ಕಿಸೆಯಿಂದ ಬಟ್ಟೆ ತೆಗೆದವನು, ಸ್ವಲ್ಪ ಹೊತ್ತು ಹಿಡಿದು ನಿಂತು, ಮಡಿಸಿ ಮತ್ತೆ ಕಿಸೆಗೆ ಹಾಕಿಕೊಂಡ.