ಸ್ಟೇಷನ್ನಿಗೆ ಗೊತ್ತಿಲ್ಲದ ಐದು ಕಳ್ಳತನ

ಮಧ್ಯಾಹ್ನ ಮೂರೂವರೆಗೆ ಸಂಘದ ಸಭೆ ಮುಗಿಸಿ ಮನೆಗೆ ಬಂದ ವಿಶಾಲಮ್ಮನಿಗೆ ಮೊದಲು ಕಂಡದ್ದು ಹಿತ್ತಿಲ ಬಾಗಿಲು. ಅದು ತೆರೆದಿತ್ತು. ದೇವರ ಮುಂದಿನ ಬೆಳ್ಳಿ ದೀಪಗಳಿರಲಿಲ್ಲ. ಅಡುಗೆಮನೆಯ ಮೊಳೆಗೆ ನೇತುಹಾಕಿದ್ದ ಮನೆಯ ಇನ್ನೊಂದು ಬೀಗದ ಕೈಯೂ ಇರಲಿಲ್ಲ. ಆದರೆ ಅವರು ನಿಜಕ್ಕೂ ಬೆಚ್ಚಿದ್ದು ಮಗಳ ಕೋಣೆ ನೋಡಿದಾಗ. ಸ್ನೇಹಾ ನರ್ಸು, ಆಸ್ಪತ್ರೆಯಲ್ಲಿ ರಾತ್ರಿ ಪಾಳಿ ಮುಗಿಸಿ ಬಂದು ಹಗಲು ಮಲಗುವವಳು. ಗಾಳಿಯಾಡಲಿ ಎಂದು ವಿಶಾಲಮ್ಮ ಆ ಕೋಣೆಯ ಬಾಗಿಲನ್ನು ಅಗಲವಾಗಿ ತೆರೆದಿಟ್ಟು ಹೋಗಿದ್ದರು. ಈಗ ಅದನ್ನು ಯಾರೋ ಮೆಲ್ಲಗೆ ಮುಂದಕ್ಕೆ ಎಳೆದಿದ್ದರು.

ದೂಡಿ ನೋಡಿದರು. ಮಗಳು ಗೋಡೆಗೆ ಮುಖ ಮಾಡಿ ಮಲಗಿದ್ದಳು. ಉಸಿರಾಡುತ್ತಿದ್ದಳು. ವಿಶಾಲಮ್ಮ ಅಲ್ಲೇ ನೆಲಕ್ಕೆ ಕುಳಿತುಬಿಟ್ಟರು.

ಸಂಜೆ ಕೆಲಸದಿಂದ ಬಂದ ಗಂಡ ರಾಜಶೇಖರ್ ಎಲ್ಲ ಕೇಳಿ, ಮೊದಲು ಕಿಟಕಿ ಮುಚ್ಚಿದರು.

"ಸ್ಟೇಷನ್‌ಗೆ ಹೋಗಣ್ವಾ?"

"ಸುಮ್ನಿರೆ ಮಾರಾಯ್ತಿ. ಸೋಮವಾರ ಆಲೂರಿನೋರು ಹೆಣ್ಣು ನೋಡಕೆ ಬರೋದೈತೆ. ಹುಡುಗಿ ಒಬ್ಳೇ ಮಲಗಿದ್ದಾಗ ಯಾವನೋ ಒಳಗೆ ಬಂದಿದ್ದ ಅಂದ್ರೆ, ಜನ ದೀಪದ ವಿಷ್ಯ ಕೇಳ್ತಾರಾ? ಬೇರೆ ಏನೇನೋ ಕೇಳ್ತಾರೆ."

"ಬೀಗನಾದ್ರೂ ಬದಲಾಯಿಸಿ."

"ಬಡಗಿ ಬಂದ್ರೆ ಎದುರುಮನೆ ಕಮಲಮ್ಮ ಸುಮ್ನಿರ್ತಾರಾ? ಮುಡಿಪು ಕಟ್ಟು, ದೇವರು ನೋಡ್ಕತಾನೆ."

ವಿಶಾಲಮ್ಮ ಹಳದಿ ಬಟ್ಟೆಯಲ್ಲಿ ನಾಣ್ಯವಿಟ್ಟು ಗಂಟು ಹಾಕಿ ಹರಕೆ ಹೊತ್ತರು. ಸಕಲೇಶಪುರದ ಆ ಬಡಾವಣೆಯಲ್ಲಿ ಕಳುವಿನ ಮುಡಿಪಿಗೊಂದು ಕಟ್ಟಳೆ ಉಂಟು: ಕಟ್ಟಿದವರು ಕಳೆದದ್ದು ಸಿಗುವ ತನಕ ಬಾಯಿ ಬಿಡಬಾರದು. ಕಳ್ಳರೇ ಸಭೆ ಸೇರಿ ಠರಾವು ಮಾಡಿದ್ದರೂ ತಮಗೆ ಇಷ್ಟು ಅನುಕೂಲವಾದ ಕಟ್ಟಳೆ ಮಾಡಿಕೊಳ್ಳುತ್ತಿರಲಿಲ್ಲ.

ನಾಲ್ಕು ದಿನ ವಿಶಾಲಮ್ಮ ಮನೆ ಬಿಟ್ಟು ಕದಲಲಿಲ್ಲ. ಹಿತ್ತಿಲ ಬಾಗಿಲಿಗೆ ಅಕ್ಕಿ ಮೂಟೆ ಒತ್ತಿಟ್ಟು, ಅದರ ಮೇಲೆ ತಾವು ಕುಳಿತರು. ಹೊರಗೆ ಬೈಕು ನಿಂತರೆ ಎದೆಯೂ ನಿಂತಂತಾಗುತ್ತಿತ್ತು. ಗ್ಯಾಸಿನವನು ಬೆಲ್ ಒತ್ತಿದಾಗ ಕೈಯಲ್ಲಿ ಕತ್ತಿ ಹಿಡಿದೇ ಬಾಗಿಲು ತೆರೆದರು. ಅವನು ಆವತ್ತು ಮೇಲಿನ ಇಪ್ಪತ್ತು ರೂಪಾಯಿ ಕೇಳಲಿಲ್ಲ.

ಐದನೆಯ ದಿನ ಬೆಳಗ್ಗೆ ಕಸ ಒಯ್ಯಲು ಬಂದ ಪೌರಕಾರ್ಮಿಕೆ ಭೂತಮ್ಮ ಹಿತ್ತಿಲ ಕಿಟಕಿಯಿಂದ ಇಣುಕಿದಳು.

"ಏನಮ್ಮಾರೆ, ಅಕ್ಕಿ ಮೂಟೆ ಕಾವಲಿಗೆ ಹಾಕಿದ್ದೀರಾ? ನಿಮ್ಮನೇಗೂ ಬಂದಿದ್ನಾ?"

"ನಮ್ಮನೇಗೂ ಅಂದ್ರೆ?"

ಭೂತಮ್ಮ ದನಿ ತಗ್ಗಿಸಿದಳು. "ನಿಮ್ದು ಐದನೇದು. ಕಮಲಮ್ಮಾರ ಬೆಳ್ಳಿ ಚೊಂಬು ಹೋಯ್ತು. ಶಿವಯ್ಯನೋರ ಮನೇಲಿ ಒಂದು ಮೂಟೆ ಮೆಣಸು. ಮೂಲೆಮನೆ, ಮೇಲಿನ ಮನೆ, ಎಲ್ಲಾ ಹಟ್ಟ ಹಗಲಲ್ಲೇ. ಎಲ್ರೂ ನನ್ ಹತ್ರ ಹೇಳ್ಬುಟ್ಟು, ಯಾರಿಗೂ ಹೇಳ್ಬೇಡ ಅಂತ ಆಣೆ ಹಾಕಿಸ್ಕಂಡವ್ರೆ. ಕಸದ ಜೊತೆ ನಿಮ್ ಗುಟ್ಟೂ ನಾನೇ ಹೊರಬೇಕು."

"ಬೀಗದ ಕೈನೂ ಒಯ್ದಿದ್ದಾನೆ. ಮುಡಿಪು ಕಟ್ಟಿದ್ದೀನಿ ಕಣೇ."

"ಕಟ್ಟಿ, ಬ್ಯಾಡ ಅಂದೋರ್ಯಾರು? ಆದ್ರೆ ದೇವ್ರು ಬೀಟಿಗೆ ಬರ್ತಾನಾ? ನಮ್ ಕಾಲೋನಿಲಿ ಸೈಕಲ್ ಹೋದಾಗ ಸ್ಟೇಷನ್‌ಲಿ ಬರೆಸ್ಬುಟ್ವಿ. ಆವಾಗಿಂದ ಪೊಲೀಸ್ನೋರು ದಿನಾ ಒಂದ್ ಸುತ್ತು ಬರ್ತಾರೆ. ನಿಮ್ ಬೀದಿಲಿ ಏನಾಗ್ತೈತೆ ಅಂತ ಪೂರ್ತಿ ಗೊತ್ತಿರೋರು ಇಬ್ರೇ. ನಾನು, ಮತ್ತೆ ಆ ಕಳ್ಳ."

"ಹೆಣ್ಣುಮಗಳ ವಿಷ್ಯ ಭೂತಮ್ಮ. ನಾಳೆ ಜನ..."

"ನಿಮ್ ಮನೆ ಬೀಗದ ಕೈ ಅವ್ನ ಜೇಬಲ್ಲೈತೆ ಅಮ್ಮಾರೆ. ಜನದ ಬಾಯಿಗೆ ಹೆದರ್ತೀರೋ, ಅದಕ್ಕೆ ಹೆದರ್ತೀರೋ ನೋಡ್ಕಳಿ."

ಅಷ್ಟರಲ್ಲಿ ಸ್ನೇಹಾ ಪಾಳಿ ಮುಗಿಸಿ ಬಂದಳು. ವಿಶಾಲಮ್ಮ ಅವಳನ್ನು ಒಳಗೆ ಕೂರಿಸಿ, ತಡವರಿಸುತ್ತಾ ನಡೆದದ್ದನ್ನೆಲ್ಲ ಹೇಳಿದರು. ಮಗಳು ಊಟದ ಡಬ್ಬಿಯನ್ನು ಕೈಯಿಂದ ಕೆಳಗಿಡಲೇ ಇಲ್ಲ.

"ನಂಗೆ ಎಚ್ಚರ ಇತ್ತಮ್ಮ."

ವಿಶಾಲಮ್ಮ ಮಗಳ ಪಕ್ಕಕ್ಕೆ ಸರಿದು ಕುಳಿತರು.

"ಸದ್ದಾಯ್ತು, ನೀನು ಅಂದ್ಕೊಂಡು ಕಣ್ಣು ಬಿಟ್ಟೆ. ಬಾಗಿಲಲ್ಲಿ ಅವನು ನಿಂತಿದ್ದ. ಕೂಗಿದ್ರೆ ಹತ್ರ ಬರ್ತಾನೆ ಅಂತ ನಿದ್ದೆ ಬಂದೋಳ ಥರ ಅರೆಗಣ್ಣಲ್ಲಿ ಬಿದ್ಕೊಂಡೆ. ನನ್ನ ನೋಡ್ತಾನೇ ಬಾಗಿಲು ಎಳೆದ. ಆಮೇಲೆ ಗೋಡೆ ಕಡೆ ತಿರುಗಿದೆ. ನೀನು ಬಂದು ದೂಡಿದ್ಯಲ್ಲ, ಅವನೇ ವಾಪಸ್ ಬಂದ ಅಂದ್ಕೊಂಡೆ."

"ನನ್ ಹತ್ರ ಯಾಕೆ ಹೇಳ್ಲಿಲ್ವೇ?"

"ನೀನು ಹೆದರ್ತೀಯ ಅಂತ. ನಾಲ್ಕು ದಿನದಿಂದ ನಿದ್ದೆ ಮಾಡಿಲ್ಲಮ್ಮ. ಸುಮ್ನೆ ಬಿದ್ಕೊಂಡಿರ್ತೀನಿ."

ವಿಶಾಲಮ್ಮ ಗಂಡನಿಗೆ ಫೋನ್ ಮಾಡಿದರು. "ನಾನೂ ಸ್ನೇಹಾನೂ ಸ್ಟೇಷನ್‌ಗೆ ಹೊರಟ್ವಿ. ಬರೋದಾದ್ರೆ ಬನ್ನಿ."

ಎದುರುಮನೆಯ ಗೇಟಿನಲ್ಲಿ ಕಮಲಮ್ಮ ನಿಂತಿದ್ದರು. "ಎಲ್ಲಿಗೆ ಹೊರಟ್ರಿ ವಿಶಾಲಮ್ಮ?"

"ಸ್ಟೇಷನ್‌ಗೆ ಕಣ್ರೀ. ನಿಮ್ ಚೊಂಬಿನ ವಿಷ್ಯಾನೂ ಹೇಳಿ ಬರ್ಲಾ?"

ಕಮಲಮ್ಮ ಬೀದಿಯಲ್ಲಿ ಕಸ ತುಂಬುತ್ತಿದ್ದ ಭೂತಮ್ಮನನ್ನು ಒಮ್ಮೆ ಸುಡುವಂತೆ ನೋಡಿದರು. ಆಮೇಲೆ ಚಪ್ಪಲಿ ಮೆಟ್ಟಿಕೊಂಡರು.

ಸ್ಟೇಷನ್ನಿನಲ್ಲಿದ್ದ ಮಹಿಳಾ ಪೊಲೀಸ್ ಮಧುಶ್ರೀ ದಾಖಲೆ ತಿರುವಿ ನೋಡಿದಳು. "ಎರಡು ವರ್ಷದಲ್ಲಿ ನಿಮ್ಮ ಬೀದಿಯಿಂದ ಒಂದೇ ಒಂದು ದೂರೂ ಬಂದಿಲ್ಲಮ್ಮ. ಕಾಗದದಲ್ಲಿ ಊರಿಗೇ ನಿಮ್ಮದು ಸುರಕ್ಷಿತ ಬೀದಿ. ಅದಕ್ಕೇ ಬೀಟು ಬೇರೆ ಕಡೆ ಹಾಕಿದ್ದೀವಿ."

ಸ್ನೇಹಾಳನ್ನು ಬೇರೆ ಕೋಣೆಯಲ್ಲಿ ಕೂರಿಸಿಕೊಂಡು ಅವಳು ಹೇಳಿದ್ದನ್ನು ಬರೆದುಕೊಂಡಳು. ಆಳಿನ ಎತ್ತರ, ನಡಿಗೆ, ಹರಿದ ಕಿವಿ. ರಾಜಶೇಖರ್ ಬಂದಾಗ ಮಗಳ ಮಾತು ಬಾಗಿಲಾಚೆಗೂ ಕೇಳುತ್ತಿತ್ತು. ಅವರು ಒಳಗೆ ಹೋಗಲಿಲ್ಲ. ಗೋಡೆ ಹಿಡಿದು ಕೊನೆಯ ತನಕ ಕೇಳಿ, ತಾವೇ ಬಡಗಿಗೆ ಫೋನ್ ಮಾಡಿದರು.

ಸೋಮವಾರ ಆಲೂರಿನವರು ಬಂದರು. ಮುಚ್ಚುಮರೆಯಿಲ್ಲದೆ ಎಲ್ಲ ಹೇಳಿದ್ದಾಯಿತು. ಹುಡುಗನ ತಾಯಿ ಚೆಲುವಮ್ಮ ಉಪ್ಪಿಟ್ಟಿನ ತಟ್ಟೆ ಕೆಳಗಿಟ್ಟರು. "ಹೋದ್ವರ್ಷ ನಮ್ಮನೇಲೂ ಹಿಂಗೇ ಆಗಿತ್ತು ಕಣ್ರೀ. ನಾವೂ ಬಾಯಿ ಬಿಡ್ಲಿಲ್ಲ."

ಅದೇ ವಾರ ಆನೇಮಹಲ್ ಬಳಿ ಕಮಲಮ್ಮನ ಚೊಂಬು ಮಾರಲು ಹೋದ ಹರಿದ ಕಿವಿಯ ಆಸಾಮಿ ಸಿಕ್ಕಿಬಿದ್ದ. ದೀಪಗಳು ಸಿಗಲಿಲ್ಲ. ಆದರೆ ಸ್ನೇಹಾ ಮಾರನೆಯ ಬೆಳಗ್ಗೆ ಮಲಗಿದವಳು ಎದ್ದದ್ದು ಸಂಜೆ ಆರಕ್ಕೆ.

ಅಕ್ಕಂದಿರೇ, ಅಣ್ಣಂದಿರೇ, ಕಳ್ಳ ನುಗ್ಗಿದರೆ ಮನೆಯ ಮರ್ಯಾದೆ ಹೋಗುವುದಿಲ್ಲ. ಬಾಯಿ ಮುಚ್ಚಿಕೊಂಡರೆ ಮುಂದಿನ ಮನೆಯ ನಿದ್ದೆ ಹೋಗುತ್ತದೆ. ಅಪಾಯ ಕಣ್ಣೆದುರೇ ಇದ್ದರೆ ತಕ್ಷಣ 112ಕ್ಕೆ ಫೋನ್ ಮಾಡಿ. ಕಳವು ಸಣ್ಣದಾದರೂ ದೂರು ಕೊಡಿ. ಎಫ್‌ಐಆರ್ ಪ್ರತಿಯನ್ನು ಕೇಳಿ ಪಡೆಯಿರಿ, ಅದಕ್ಕೆ ದುಡ್ಡು ಕೊಡಬೇಕಿಲ್ಲ. ಬೀಗದ ಕೈ ಕಳೆದರೆ ಅದೇ ದಿನ ಬೀಗ ಬದಲಾಯಿಸಿ. ಹರಕೆ ಹೊರುವುದಾದರೆ ಹೊರಿ, ದೇವರು ಬೇಡ ಎನ್ನುವುದಿಲ್ಲ. ಸ್ಟೇಷನ್ನಿಗೆ ಹೋಗಿ ಬಂದು ಹೊರಿ. ಅದಕ್ಕೂ ಮೊದಲು ನಿಮ್ಮ ಮನೆಯವರನ್ನೇ ಕರೆದು ಕೂರಿಸಿ, ಏನಾದರೂ ಹೆದರಿಕೆಯಿದೆಯೇ ಎಂದು ಕೇಳಿ. ಇವತ್ತೇ ಕೇಳಿ.